ಹಿತ್ತಲ ಕೋಳಿ ತೂಕಡಿಸುತ್ತಿದ್ದರೆ ಎಲ್ಲಿಂದ ನೋಡಬೇಕು

ಕೋಳಿಗೆ ಯಾವ ಕಾಯಿಲೆ ಬಂದರೂ ಮೊದಲು ಕಾಣುವ ಲಕ್ಷಣ ಒಂದೇ. ಪುಕ್ಕ ಉಬ್ಬಿಸಿಕೊಂಡು, ಕತ್ತು ಒಳಗೆಳೆದುಕೊಂಡು, ಕಣ್ಣು ಅರೆಮುಚ್ಚಿ ಒಂದು ಮೂಲೆಯಲ್ಲಿ ನಿಂತುಬಿಡುತ್ತದೆ. ಜಂತುಹುಳ ಇದ್ದರೂ ಹೀಗೇ, ಮೊಟ್ಟೆ ಸಿಕ್ಕಿಕೊಂಡಿದ್ದರೂ ಹೀಗೇ, ಕೊಕ್ಕರೆ ರೋಗ (ರಾಣಿಖೇತ್ ಅನ್ನುವ ವೈರಸ್ ಕಾಯಿಲೆ) ಶುರುವಾಗಿದ್ದರೂ ಹೀಗೇ. ಅದಕ್ಕೇ "ಕೋಳಿ ತೂಕಡಿಸ್ತಾ ಇದೆ, ಏನು ಮಾತ್ರೆ ಹಾಕ್ಲಿ?" ಅಂತ ಕೇಳಿದರೆ ಯಾರಿಂದಲೂ ಸರಿಯಾದ ಉತ್ತರ ಸಿಗುವುದಿಲ್ಲ. ಅಂಗಡಿಯವರು ಒಂದು ಪುಡಿ ಪೊಟ್ಟಣ ಕೊಡುತ್ತಾರೆ. ಅದನ್ನು ನೀರಿಗೆ ಹಾಕುತ್ತೇವೆ. ಎರಡು ದಿನ ಹೋಗುತ್ತದೆ. ಕೋಳಿಗೆ ಆ ಎರಡು ದಿನವೇ ಮುಖ್ಯವಾಗಿರುತ್ತದೆ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆ ಮನೆ ಹಿಂದೆ ಐದು ಹತ್ತು ನಾಟಿ ಕೋಳಿ, ಜೊತೆಗೆ ಒಂದೆರಡು ಗಿರಿರಾಜ ತಳಿಯ ಕೋಳಿ ಸಾಕಿಕೊಂಡಿರುವವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಕಾಯಿಲೆಯ ಹೆಸರು ಆಮೇಲೆ ಹುಡುಕೋಣ. ಮೊದಲು ಎಷ್ಟು ಕೋಳಿಗೆ ಆಗಿದೆ ಅಂತ ಎಣಿಸಬೇಕು, ಆಮೇಲೆ ಕೈಯಲ್ಲಿ ಹಿಡಿದು ನೋಡಬೇಕು. ಇವೆರಡು ಆದರೆ ಅರ್ಧಕ್ಕಿಂತ ಜಾಸ್ತಿ ದಾರಿ ಸವೆದಂತೆ.

ಆದರೆ ಎಲ್ಲಕ್ಕಿಂತ ಮುಂಚೆ, ಸಪ್ಪಗಿರುವ ಕೋಳಿಯನ್ನು ಬೇರೆ ಮಾಡಿ. ದೊಡ್ಡ ಮಂಕರಿ ಕವುಚಿ ಹಾಕಿದರೂ ಸಾಕು. ಕೆಳಗೆ ಹಳೇ ಪೇಪರ್ ಹಾಸಿ, ಹಿಕ್ಕೆಯ ಬಣ್ಣ ಕಾಣಬೇಕು. ನೀರು, ಮೇವು ಪ್ರತ್ಯೇಕ ಇಡಿ. ಎಷ್ಟು ತಿಂದಿತು, ಎಷ್ಟು ಕುಡಿಯಿತು ಅನ್ನುವುದು ಆಗಲೇ ಗೊತ್ತಾಗುವುದು. ಬೇರೆ ಕೋಳಿಗಳಿಗೆ ಮೊದಲು ಮೇವು ಹಾಕಿ, ಕಾಯಿಲೆ ಕೋಳಿಯ ಹತ್ತಿರ ಕೊನೆಗೆ ಹೋಗಿ, ಕೈಕಾಲು ಸೋಪು ಹಾಕಿ ತೊಳೆದುಕೊಳ್ಳಿ.

ಒಂದಕ್ಕೋ, ಎಲ್ಲಕ್ಕೋ?

ಹತ್ತರಲ್ಲಿ ಒಂದು ಕೋಳಿ ಮಾತ್ರ ಸಪ್ಪಗಿದ್ದು ಮಿಕ್ಕವು ಕೆದಕಿಕೊಂಡು ಓಡಾಡುತ್ತಿದ್ದರೆ, ತೊಂದರೆ ಬಹುತೇಕ ಆ ಕೋಳಿಯ ಮೈಯೊಳಗೇ ಇರುತ್ತದೆ. ಮೊಟ್ಟೆ ಸಿಕ್ಕಿಕೊಂಡಿರಬಹುದು. ಕತ್ತಿನ ಬುಡದ ಮೇವಿನ ಚೀಲ ಕಟ್ಟಿರಬಹುದು. ಮುಂಗುಸಿಯೋ ನಾಯಿಯೋ ಬಾಯಿ ಹಾಕಿ ಪುಕ್ಕದ ಕೆಳಗೆ ಗಾಯ ಆಗಿರಬಹುದು. ಆದರೂ ಎರಡು ಮೂರು ದಿನ ಉಳಿದವುಗಳ ಮೇಲೆ ಕಣ್ಣಿಡಿ. ಅಂಟುರೋಗವೂ ಒಂದು ಕೋಳಿಯಿಂದಲೇ ತಾನೇ ಶುರುವಾಗುವುದು.

ಎರಡು ಮೂರು ದಿನದೊಳಗೆ ಒಂದರ ಹಿಂದೆ ಒಂದು ಬೀಳುತ್ತಿದ್ದರೆ ಲೆಕ್ಕವೇ ಬೇರೆ. ಅದು ಅಂಟುರೋಗ, ಇಲ್ಲವೇ ವಿಷ, ಇಲ್ಲವೇ ಬಿಸಿಲಿನ ಹೊಡೆತ. ಆಗ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳಿವೆ. ಕಳೆದ ಎರಡು ವಾರದಲ್ಲಿ ಸಂತೆಯಿಂದ ಹೊಸ ಕೋಳಿ ತಂದಿರಾ? ಹಬ್ಬಕ್ಕೋ ಹರಕೆಗೋ ಅಂತ ನೆಂಟರು ಹುಂಜ ತಂದು ನಿಮ್ಮ ಗೂಡಿನಲ್ಲಿ ಒಂದು ರಾತ್ರಿ ಬಿಟ್ಟಿದ್ದರಾ? ಪಕ್ಕದ ಟೊಮೆಟೊ ತೋಟಕ್ಕೆ ಔಷಧಿ ಹೊಡೆದರಾ? ಹೊಸ ಚೀಲದ ಮೇವು ಬಿಚ್ಚಿದಿರಾ? ಊರಲ್ಲಿ ಬೇರೆ ಮನೆಗಳ ಕೋಳಿಯೂ ಸಾಯುತ್ತಿವೆಯಾ?

ಸಂತೆ ಕೋಳಿಯ ಬಗ್ಗೆ ಒತ್ತಿ ಹೇಳುತ್ತೇನೆ. ಹತ್ತೂರಿನ ಕೋಳಿ ಒಂದೇ ಬುಟ್ಟಿಯಲ್ಲಿ ಕಾಲು ಕಟ್ಟಿಸಿಕೊಂಡು ಬಂದಿರುತ್ತವೆ. ನೋಡಲು ಗಟ್ಟಿಮುಟ್ಟಾಗಿದ್ದರೂ ಒಳಗೆ ರೋಗ ಇರಬಹುದು. ಎರಡು ವಾರ ಬೇರೆ ಕಡೆ ಇಟ್ಟು ಆಮೇಲೆ ಸೇರಿಸಿದರೆ ಎಷ್ಟೋ ಮನೆಗಳ ಕೋಳಿ ಉಳಿಯುತ್ತವೆ.

ತುಂಬಾ ಕೋಳಿ ಒಟ್ಟಿಗೆ, ಅದೂ ಕಾಯಿಲೆ ಕಾಣಿಸದೆಯೇ ಇದ್ದಕ್ಕಿದ್ದಂತೆ ಸತ್ತರೆ, ಜುಟ್ಟು ನೀಲಿಯಾಗಿ ಮುಖ ಊದಿದ್ದರೆ, ಇನ್ನು ಮುಂದಿನ ಸಾಲುಗಳನ್ನು ಓದುತ್ತಾ ಕೂರಬೇಡಿ. ಸತ್ತ ಕೋಳಿಯನ್ನು ಕೊಯ್ಯಬೇಡಿ, ತಿನ್ನಬೇಡಿ, ಸಾಯುವ ಮುಂಚೆ ಮಾರಿಬಿಡೋಣ ಅಂತಲೂ ಹೋಗಬೇಡಿ. ಪಶು ಆಸ್ಪತ್ರೆಗೆ ತಿಳಿಸಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಹಕ್ಕಿಜ್ವರ ದೃಢಪಟ್ಟಿದ್ದು ಮನೆ ಕೋಳಿಗಳು ಸತ್ತ ಮೇಲೆ. ಹಕ್ಕಿಜ್ವರ ದೊಡ್ಡ ಫಾರಂಗಳಿಗೆ ಮಾತ್ರ ಬರುತ್ತೆ ಅನ್ನುವ ನಂಬಿಕೆ ಇನ್ನು ಬಿಡಬೇಕು.

ಹಿಡಿದು ನೋಡುವುದು

ಹಗಲು ಅಟ್ಟಿಸಿಕೊಂಡು ಹೋಗಿ ಹಿಡಿದರೆ ಕೋಳಿ ಏದುಸಿರು ಬಿಡುತ್ತದೆ. ಉಸಿರಾಟದ ತೊಂದರೆಯೋ ಓಡಿದ ಸುಸ್ತೋ ಗೊತ್ತಾಗುವುದಿಲ್ಲ. ಕತ್ತಲಾದ ಮೇಲೆ ಗೂಡಿನಿಂದ ಎತ್ತಿಕೊಳ್ಳಿ. ರೆಕ್ಕೆ ಎರಡನ್ನೂ ಮೈಗೆ ಒತ್ತಿ, ತಲೆ ನಿಮ್ಮ ಕಂಕುಳ ಕಡೆ ಬರುವಂತೆ ಇಟ್ಟುಕೊಂಡರೆ ಸುಮ್ಮನಿರುತ್ತದೆ. ಟಾರ್ಚ್ ಹಿಡಿಯಲು ಇನ್ನೊಬ್ಬರಿದ್ದರೆ ಒಳ್ಳೆಯದು.

ಮೊದಲು ಎದೆ ಮೂಳೆ. ಎದೆ ಮಧ್ಯೆ ಉದ್ದಕ್ಕೆ ಒಂದು ಏಣು ಸಿಗುತ್ತದೆ. ಅದರ ಎರಡೂ ಪಕ್ಕ ಮಾಂಸ ತುಂಬಿಕೊಂಡಿದ್ದು ಏಣು ಸ್ವಲ್ಪ ಮಾತ್ರ ಕೈಗೆ ತಾಕಿದರೆ, ಕೋಳಿ ಕಾಯಿಲೆ ಬಿದ್ದು ಜಾಸ್ತಿ ದಿನ ಆಗಿಲ್ಲ. ಏಣು ಚಾಕುವಿನ ಅಲಗಿನ ಹಾಗೆ ಚೂಪಾಗಿ, ಪಕ್ಕದಲ್ಲಿ ಮಾಂಸವೇ ಇಲ್ಲದಿದ್ದರೆ ವಾರಗಟ್ಟಲೆಯಿಂದ ಒಳಗೇ ಸೊರಗಿದೆ. ಜಂತುಹುಳ, ರಕ್ತ ಹೀರುವ ಉಣ್ಣೆ ಹುಳ, ಗಡ್ಡೆ, ಹಳೇ ಸೋಂಕು ಇಂಥವು ಕಾರಣ. "ನಿನ್ನೆ ತನಕ ಚೆನ್ನಾಗಿತ್ತು" ಅಂತ ನಾವು ಹೇಳುತ್ತೇವೆ. ಎದೆ ಮೂಳೆ ನಿಜ ಹೇಳುತ್ತದೆ. ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ಮುಚ್ಚಿಡುತ್ತದೆ. ಸಪ್ಪಗಿರುವುದು ತೋರಿತು ಅಂದರೆ ಬಚ್ಚಿಡುವ ಶಕ್ತಿ ಮುಗಿದಿದೆ ಅಂತಲೇ.

ಆಮೇಲೆ ಕತ್ತಿನ ಬುಡದಲ್ಲಿ, ಸ್ವಲ್ಪ ಬಲಕ್ಕೆ ಇರುವ ಮೇವಿನ ಚೀಲ. ತಿಂದಿದ್ದು ಮೊದಲು ಹೋಗಿ ಕೂರುವ ಜಾಗ ಅದು. ಸಂಜೆ ತುಂಬಿರಬೇಕು, ಬೆಳಿಗ್ಗೆ ಖಾಲಿ ಇರಬೇಕು. ಹಾಗಾಗಿ ಒಮ್ಮೆ ರಾತ್ರಿ, ಒಮ್ಮೆ ಬೆಳಿಗ್ಗೆ ಮೇವು ಹಾಕುವ ಮುಂಚೆ ಮುಟ್ಟಿ ನೋಡಿ. ಸಂಜೆಯೂ ಖಾಲಿ ಇದ್ದರೆ ಕೋಳಿ ತಿನ್ನುತ್ತಿಲ್ಲ. ಬೆಳಿಗ್ಗೆಯೂ ಗಟ್ಟಿಯಾಗಿ ತುಂಬಿದ್ದರೆ ತಿಂದದ್ದು ಕೆಳಗಿಳಿಯುತ್ತಿಲ್ಲ.

ಜುಟ್ಟಿನ ಬಣ್ಣ ನೋಡಿ. ಬಿಳಿಚಿಕೊಂಡಿದ್ದರೆ ರಕ್ತ ಕಡಿಮೆ, ಇಲ್ಲವೇ ಮೊಟ್ಟೆ ನಿಲ್ಲಿಸಿದೆ. ನೀಲಿ ಅಥವಾ ನೇರಳೆಯಾಗಿದ್ದರೆ ಉಸಿರಿಗೋ ರಕ್ತ ಓಡಾಟಕ್ಕೋ ಅಡ್ಡಿ, ಇದು ಗಂಭೀರ. ಬಾಯಿ ತೆರೆದು ಟಾರ್ಚ್ ಬಿಟ್ಟು ನೋಡಿ, ಒಳಗೆ ಹಳದಿ ಪೊರೆಯೋ ಹುಣ್ಣೋ ಇದೆಯಾ ಅಂತ. ಪಾದ ತಿರುಗಿಸಿ ನೋಡಿ. ಅಂಗಾಲಿನಲ್ಲಿ ಕಪ್ಪು ಹಕ್ಕಳೆ ಕಟ್ಟಿ ಊದಿದ್ದರೆ ಮುಳ್ಳೋ ಕಲ್ಲೋ ಚುಚ್ಚಿ ಕೀವಾಗಿದೆ. ಕೊನೆಗೆ ಬಾಲ ಎತ್ತಿ ಹಿಂಭಾಗ ನೋಡಿ. ಪುಕ್ಕಕ್ಕೆ ಹಿಕ್ಕೆ ಮೆತ್ತಿದೆಯಾ, ಹೇನು ಓಡಾಡುತ್ತಿವೆಯಾ, ಪುಕ್ಕದ ಬುಡದಲ್ಲಿ ಬಿಳಿ ಸೀರು ಗುಂಪು ಗುಂಪಾಗಿ ಅಂಟಿದೆಯಾ?

ಮೇವಿನ ಚೀಲ ಕಟ್ಟಿದ್ದರೆ

ತಿಪಟೂರು, ತುರುವೇಕೆರೆ ಕಡೆ ತೆಂಗಿನ ನಾರು, ಉಳಿದ ಕಡೆ ಉದ್ದನೆಯ ರಾಗಿ ಹುಲ್ಲು, ಗೋಣಿ ಎಳೆ, ಪ್ಲಾಸ್ಟಿಕ್ ದಾರ. ಕೋಳಿ ಇವನ್ನು ನುಂಗುತ್ತದೆ. ಒಳಗೆ ಅದು ಸುತ್ತಿಕೊಂಡು ಉಂಡೆಯಾಗುತ್ತದೆ. ಮುಟ್ಟಿದರೆ ಹಿಟ್ಟಿನ ಮುದ್ದೆ ಇಟ್ಟ ಹಾಗೆ ಗಟ್ಟಿ. ಕೋಳಿ ಮತ್ತೆ ಮತ್ತೆ ಕತ್ತು ಚಾಚುತ್ತದೆ, ತಿನ್ನಲು ಬರುತ್ತದೆ, ಆದರೂ ಸೊರಗುತ್ತದೆ.

ಹೀಗಿದ್ದರೆ ಕಾಳು, ಹುಲ್ಲು ನಿಲ್ಲಿಸಿ. ಸೂಜಿ ತೆಗೆದ ಸಿರಿಂಜಿನಲ್ಲಿ ಸ್ವಲ್ಪ ಉಗುರುಬೆಚ್ಚಗಿನ ನೀರು, ಅದರ ಜೊತೆ ಕೆಲವು ತೊಟ್ಟು ಕೊಬ್ಬರಿ ಎಣ್ಣೆ ಕೊಕ್ಕಿನ ಪಕ್ಕದಿಂದ ನಿಧಾನವಾಗಿ ಬಿಡಿ. ನಾಲಿಗೆಯ ಬುಡದಲ್ಲೇ ಉಸಿರಿನ ರಂಧ್ರ ಇದೆ, ಅದಕ್ಕೇ ಒಮ್ಮೆಲೇ ಸುರಿಯಬಾರದು. ಕೋಳಿಯೇ ನುಂಗಲಿ. ಆಮೇಲೆ ಬೆರಳಿನಿಂದ ಹಗುರವಾಗಿ ನೀವುತ್ತಾ ಉಂಡೆಯನ್ನು ಸಡಿಲ ಮಾಡಿ. ದಿನಕ್ಕೆ ಮೂರು ನಾಲ್ಕು ಸಲ. ಮಾರನೇ ದಿನವೂ ಹಾಗೇ ಇದ್ದರೆ ಪಶುವೈದ್ಯರ ಹತ್ತಿರ ಹೋಗಿ. ಜಾಗ ಮರಗಟ್ಟಿಸಿ, ಸಣ್ಣದಾಗಿ ಕೊಯ್ದು ಉಂಡೆ ತೆಗೆದು ಹೊಲಿಯುತ್ತಾರೆ. ಕೋಳಿ ಚೆನ್ನಾಗಿ ಚೇತರಿಸಿಕೊಳ್ಳುತ್ತದೆ.

ಚೀಲ ಗಟ್ಟಿ ಇಲ್ಲದೆ ನೀರು ತುಂಬಿದ ಬಲೂನಿನಂತೆ ಕುಲುಕಾಡುತ್ತಾ, ಬಾಯಿಯಿಂದ ಹುಳಿ ವಾಸನೆ ಬಂದರೆ ಒಳಗೆ ಶಿಲೀಂಧ್ರ ಬೆಳೆದಿದೆ. ಆಂಟಿಬಯಾಟಿಕ್ ಜಾಸ್ತಿ ದಿನ ಕೊಟ್ಟ ಮೇಲೂ ಹೀಗಾಗುವುದುಂಟು. ಇಲ್ಲಿ ಕೆಲವರು ಕೋಳಿಯನ್ನು ತಲೆಕೆಳಗು ಹಿಡಿದು ಹಿಂಡಿ ವಾಂತಿ ಮಾಡಿಸುತ್ತಾರೆ. ದಯವಿಟ್ಟು ಬೇಡ. ಆ ನೀರು ಉಸಿರಿನ ನಳಿಗೆಗೆ ಹೋಗಿ ಕೈಯಲ್ಲೇ ಪ್ರಾಣ ಬಿಡುತ್ತದೆ.

ಹಿಕ್ಕೆ ಏನು ಹೇಳುತ್ತದೆ

ಆರೋಗ್ಯದ ಕೋಳಿಯ ಹಿಕ್ಕೆ ಕಂದು ಬಣ್ಣ, ಮೇಲೊಂದು ಬಿಳಿ ಟೋಪಿ. ಆ ಬಿಳಿ ಅದರ ಮೂತ್ರ. ಎಂಟು ಹತ್ತು ಸಲಕ್ಕೊಮ್ಮೆ ಅಂಟಂಟಾದ, ಕೆಟ್ಟ ವಾಸನೆಯ, ಚಾಕೊಲೇಟ್ ಬಣ್ಣದ ಹಿಕ್ಕೆ ಬರುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ, ಅದು ಕುರುಡುಕರುಳಿನಿಂದ ಬರುವ ಸಹಜ ಹಿಕ್ಕೆ.

ಹಸಿರು ಹಿಕ್ಕೆ ಕಂಡ ಕೂಡಲೇ ಕೊಕ್ಕರೆ ರೋಗ ಅಂದುಬಿಡುವವರು ಜಾಸ್ತಿ. ಹೊಟ್ಟೆಗೆ ಏನೂ ಹೋಗದಿದ್ದಾಗ ಬರೀ ಪಿತ್ತ ಬಂದು ಹಿಕ್ಕೆ ಹಸಿರಾಗುತ್ತದೆ. ಸೊಪ್ಪು ತಿಂದರೂ ಹಸಿರೇ. ಹಸಿರು ನೀರಿನಂಥ ಭೇದಿ, ಜೊತೆಗೆ ಉಸಿರುಕಟ್ಟುವುದು, ಜೊತೆಗೆ ಬೇರೆ ಕೋಳಿಗಳೂ ಬೀಳುವುದು, ಈ ಮೂರೂ ಸೇರಿದರೆ ಆಗ ಕೊಕ್ಕರೆ ರೋಗದ ಅನುಮಾನ ಗಟ್ಟಿ.

ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಕಾಯಬೇಡಿ. ಮೂರರಿಂದ ಆರು ವಾರದ ಮರಿಗಳಿಗೆ ರಕ್ತಭೇದಿ ಜಾಸ್ತಿ. ಕಾಕ್ಸಿಡಿಯಾ ಅನ್ನುವ ಸೂಕ್ಷ್ಮಜೀವಿ ಕರುಳನ್ನು ಕೊರೆಯುತ್ತದೆ. ಮಳೆಗಾಲದಲ್ಲಿ ಗೂಡಿನ ಹೊಟ್ಟು ಒದ್ದೆಯಾಗಿದ್ದರೆ ಇದಕ್ಕೆ ಹಬ್ಬ. ಆಂಪ್ರೋಲಿಯಂ ಅನ್ನುವ ಔಷಧಿ ನೀರಿಗೆ ಹಾಕುವುದಕ್ಕೆ ಸಿಗುತ್ತದೆ, ಪ್ರಮಾಣ ವೈದ್ಯರಿಂದ ಕೇಳಿಕೊಳ್ಳಿ. ಅದರ ಜೊತೆಗೇ ಒದ್ದೆ ಹೊಟ್ಟು ಪೂರ್ತಿ ತೆಗೆದು ಒಣಗಿದ್ದು ಹಾಕಲೇಬೇಕು. ಇಲ್ಲದಿದ್ದರೆ ಅದೇ ಹಿಕ್ಕೆಯ ಜೊತೆ ಮರಿಗಳು ಆ ಸೂಕ್ಷ್ಮಜೀವಿಯನ್ನು ಮತ್ತೆ ನುಂಗುತ್ತವೆ.

ಹಿಕ್ಕೆಯಲ್ಲಿ ಶಾವಿಗೆ ತುಂಡಿನಂಥ ಉದ್ದ ಹುಳವೋ, ಅಕ್ಕಿ ನುಚ್ಚಿನಂಥ ಬಿಳಿ ಚೂರುಗಳೋ ಕಂಡರೆ ಜಂತು. ಕಾಣದಿದ್ದರೂ ಹುಳ ಇರಬಹುದು. ತಿಪ್ಪೆ ಕೆದಕುವ ಕೋಳಿಗೆ ಎರಡು ಮೂರು ತಿಂಗಳಿಗೊಮ್ಮೆ ಜಂತಿನ ಔಷಧಿ ಕೊಡುವುದು ವಾಡಿಕೆ.

ಮೊಟ್ಟೆ ಸಿಕ್ಕಿಕೊಂಡಿದ್ದರೆ

ಕೋಳಿ ಬಾಲ ಇಳಿಬಿಟ್ಟು, ಮೈ ನೆಟ್ಟಗೆ ನಿಲ್ಲಿಸಿ, ಹೆಜ್ಜೆ ಅಗಲಿಸಿ ನಡೆಯುತ್ತದೆ. ಗೂಡಿಗೆ ಹೋಗುತ್ತದೆ, ತಿಣುಕುತ್ತದೆ, ಬರಿಗೈಲಿ ಎದ್ದು ಬರುತ್ತದೆ. ಮೊದಲ ಮೊಟ್ಟೆ ಇಡುವ ಹ್ಯಾಟೆಗೂ, ತುಂಬಾ ದಪ್ಪಗಾದ ಗಿರಿರಾಜಕ್ಕೂ ಇದು ಬರುತ್ತದೆ. ಸುಣ್ಣದ ಅಂಶ ಕಡಿಮೆಯಾದರೆ ಮೊಟ್ಟೆ ತಳ್ಳುವ ಸ್ನಾಯುವಿಗೇ ಬಲ ಇರುವುದಿಲ್ಲ. ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು, ಬರೀ ರಾಗಿ, ಅಕ್ಕಿ ನುಚ್ಚು ತಿನ್ನುವ ಕೋಳಿಗೆ ಅಷ್ಟು ಎಲ್ಲಿಂದ ಬರಬೇಕು?

ಇದನ್ನು ಖಚಿತ ಮಾಡಿಕೊಳ್ಳಲು ಬಾಲದ ಕೆಳಗೆ, ಹಿಂಭಾಗದ ಎರಡೂ ಪಕ್ಕ ಕೈಗೆ ಸಿಗುವ ಸಣ್ಣ ಎರಡು ಮೂಳೆ ತುದಿಗಳನ್ನು ಹುಡುಕಿ. ಮೊಟ್ಟೆ ಇಡುತ್ತಿರುವ ಕೋಳಿಯಲ್ಲಿ ಅವುಗಳ ಮಧ್ಯೆ ಎರಡು ಮೂರು ಬೆರಳು ಹಿಡಿಸುತ್ತವೆ. ಒಂದೇ ಬೆರಳು ಹಿಡಿಸಿದರೆ ಆ ಕೋಳಿ ಸದ್ಯಕ್ಕೆ ಮೊಟ್ಟೆಯನ್ನೇ ಇಡುತ್ತಿಲ್ಲ, ಸಿಕ್ಕಿಕೊಳ್ಳುವ ಮಾತೂ ಇಲ್ಲ. ಅಗಲ ಇದ್ದು, ಅದರ ಕೆಳಗೆ ಹೊಟ್ಟೆಯಲ್ಲಿ ಮೊಟ್ಟೆಯಂಥ ಗಟ್ಟಿ ಉಂಡೆ ತಾಕಿದರೆ ಅನುಮಾನವೇ ಇಲ್ಲ.

ಟಬ್ಬಿಗೆ ಮೊಣಕೈ ಇಟ್ಟರೆ ಹಿತವಾಗಿ ಬಿಸಿ ಅನ್ನಿಸುವಷ್ಟು ನೀರು ಹಾಕಿ, ಕೋಳಿಯ ಹಿಂಭಾಗ ಮುಳುಗುವಂತೆ 15ರಿಂದ 20 ನಿಮಿಷ ಕೂರಿಸಿ. ಒರೆಸಿ, ಹಿಂಭಾಗಕ್ಕೆ ಕೊಬ್ಬರಿ ಎಣ್ಣೆ ಸವರಿ, ಕತ್ತಲಾದ ಬೆಚ್ಚಗಿನ ಜಾಗದಲ್ಲಿ ಬಿಡಿ. ಎಷ್ಟೋ ಸಲ ಅಷ್ಟಕ್ಕೇ ಮೊಟ್ಟೆ ಬರುತ್ತದೆ. ಹೊಟ್ಟೆ ಒತ್ತಿ ತಳ್ಳಬೇಡಿ. ಒಳಗೇ ಮೊಟ್ಟೆ ಒಡೆದರೆ ಚಿಪ್ಪು ಕೊಯ್ದು ಸೋಂಕಾಗುತ್ತದೆ. ಒಂದು ದಿನದೊಳಗೆ ಬಾರದಿದ್ದರೆ ವೈದ್ಯರೇ ಕ್ಯಾಲ್ಸಿಯಂ ಕೊಟ್ಟು ನೋಡಬೇಕು. ಮೊಟ್ಟೆ ಚಿಪ್ಪನ್ನು ಹುರಿದು ಪುಡಿಮಾಡಿ ಬೇರೆ ಬಟ್ಟಲಲ್ಲಿ ಸದಾ ಇಟ್ಟಿದ್ದರೆ ಬೇಕಾದ ಕೋಳಿ ಬೇಕಾದಷ್ಟು ತಿನ್ನುತ್ತದೆ.

ಹೊಟ್ಟೆ ನೀರು ತುಂಬಿದ ಚೀಲದಂತೆ ಇಳಿಬಿದ್ದು, ಗಟ್ಟಿ ಮೊಟ್ಟೆ ಏನೂ ತಾಕದಿದ್ದರೆ ಅದು ಬೇರೆಯೇ. ಮೊಟ್ಟೆಯ ಹಳದಿ ಭಾಗ ದಾರಿ ತಪ್ಪಿ ಹೊಟ್ಟೆಯೊಳಗೆ ಬಿದ್ದು ಕೊಳೆತಿರಬಹುದು. ಇದರಿಂದ ಕೋಳಿ ಉಳಿಯುವುದು ಕಷ್ಟ.

ಒಂದು ಮಾತು. ಗೂಡಿನಿಂದ ಏಳದೆ, ಹತ್ತಿರ ಹೋದರೆ ಪುಕ್ಕ ಉಬ್ಬಿಸಿ ಗುರ್ ಅನ್ನುವ ಕೋಳಿಗೆ ಕಾಯಿಲೆ ಇಲ್ಲ, ಕಾವಿಗೆ ಕೂತಿದೆ. ಪುಕ್ಕ ಉದುರಿ ಮೊಟ್ಟೆ ನಿಲ್ಲಿಸಿ ಎರಡು ಮೂರು ತಿಂಗಳು ಬೋಳು ಬೋಳಾಗಿ ಓಡಾಡುವುದೂ ವರ್ಷಕ್ಕೊಮ್ಮೆ ಪುಕ್ಕ ಬದಲಿಸುವ ಸಹಜ ಕೆಲಸ. ಇವೆರಡಕ್ಕೂ ಔಷಧಿ ಬೇಡ, ಒಳ್ಳೆ ಮೇವು ಸಾಕು.

ಬಿಳಿಚಿದ ಜುಟ್ಟು, ರಾತ್ರಿಯ ಕಳ್ಳರು

ನಮ್ಮ ಬಯಲುಸೀಮೆಯಲ್ಲಿ ಎಲ್ಲರ ಕಣ್ಣಿಗೂ ತಪ್ಪಿಸಿಕೊಳ್ಳುವ ತೊಂದರೆ ಇದು. ಮಧುಗಿರಿ ಕಡೆ ನಮ್ಮ ಅತ್ತೆಯ ಮನೆಯಲ್ಲಿ ಒಂದು ಕರಿ ಹ್ಯಾಟೆ ದಿನೇ ದಿನೇ ಸೊರಗುತ್ತಿತ್ತು. ಜುಟ್ಟು ಬಿಳಿಚಿಕೊಂಡಿತ್ತು. "ಜಂತಿನ ಔಷಧಿ ಹಾಕಾಯ್ತು ಕಣಪ್ಪ, ಏನೂ ಪ್ರಯೋಜನ ಇಲ್ಲ" ಅಂದರು ಅತ್ತೆ. ಹಗಲಲ್ಲಿ ಮೈಯೆಲ್ಲ ಹುಡುಕಿದರೂ ಒಂದು ಹೇನೂ ಇಲ್ಲ. ರಾತ್ರಿ ಊಟವಾದ ಮೇಲೆ ಟಾರ್ಚ್ ಹಿಡಿದು ಗೂಡಿಗೆ ಹೋದೆವು. ಕಲ್ಲುಗೋಡೆಯ ಸಂದಿನಿಂದ ಚಪ್ಪಟೆಯಾದ, ಬೂದುಕಂದು ಬಣ್ಣದ ಉಣ್ಣೆಗಳು ಸಾಲಾಗಿ ಇಳಿಯುತ್ತಿದ್ದವು. ಕೆಲವು ಆಗಲೇ ರಕ್ತ ಹೀರಿ ದ್ರಾಕ್ಷಿ ಬೀಜದಷ್ಟು ಊದಿದ್ದವು. ಅಡ್ಡಗೋಲಿನ ಬಿರುಕಿಗೆ ಕಡ್ಡಿ ಹಾಕಿ ಎಳೆದರೆ ಅಲ್ಲಿ ಅವುಗಳ ಸಂಸಾರವೇ ಇತ್ತು.

ಈ ಉಣ್ಣೆ ಹಗಲು ಗೋಡೆ ಸಂದಿನಲ್ಲಿ, ರಾತ್ರಿ ಕೋಳಿ ಮೈಮೇಲೆ. ಕೆಂಪು ನುಸಿಯೂ ಹೀಗೇ. ನುಸಿ ತೀರಾ ಸಣ್ಣದು. ರಾತ್ರಿ ಬಿಳಿ ಬಟ್ಟೆಯಿಂದ ಅಡ್ಡಗೋಲಿನ ಕೆಳಭಾಗ ಒರೆಸಿ, ಬಟ್ಟೆಯಲ್ಲಿ ಕೆಂಪು ಗೆರೆ ಮೂಡಿದರೆ ನುಸಿ ಇದೆ. ಉಣ್ಣೆ ಬರೀ ರಕ್ತ ಹೀರಿ ಸುಮ್ಮನಾಗುವುದಿಲ್ಲ. ಸ್ಪೈರೋಕೀಟ್ ಅನ್ನುವ ಬ್ಯಾಕ್ಟೀರಿಯಾದ ಜ್ವರವನ್ನೂ ಅಂಟಿಸುತ್ತದೆ. ಆ ಜ್ವರದಲ್ಲಿ ಹಸಿರು ಭೇದಿ, ತೂಕಡಿಕೆ, ಕಾಲು ಸೋಲುವುದು, ಥೇಟ್ ಕೊಕ್ಕರೆ ರೋಗದ ಹಾಗೇ. ವ್ಯತ್ಯಾಸ ಏನಂದರೆ, ಇದಕ್ಕೆ ಔಷಧಿ ಇದೆ. ವೈದ್ಯರು ಒಂದು ಹನಿ ರಕ್ತ ಗಾಜಿನ ಮೇಲೆ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗೊತ್ತಾಗುತ್ತದೆ, ಪೆನಿಸಿಲಿನ್‌ಗೆ ವಾಸಿಯಾಗುತ್ತದೆ. "ಕೊಕ್ಕರೆ ರೋಗ, ಇನ್ನೇನೂ ಮಾಡೋಕಾಗಲ್ಲ" ಅಂತ ಕೈಬಿಟ್ಟ ಕೋಳಿಗಳಲ್ಲಿ ಕೆಲವು ಉಳಿಯಬಹುದಾಗಿತ್ತು ಅನ್ನುವುದು ನನಗೆ ಯಾವಾಗಲೂ ಸಂಕಟದ ವಿಷಯ. ವೈದ್ಯರಿಗೆ "ಗೂಡಿನಲ್ಲಿ ಉಣ್ಣೆ ಇದೆ" ಅಂತ ಹೇಳುವುದನ್ನು ಮರೆಯಬೇಡಿ.

ಕೋಳಿಗಿಂತ ಮೊದಲು ಗೂಡಿಗೆ ಚಿಕಿತ್ಸೆ ಮಾಡಬೇಕು. ಸಂದುಗಳನ್ನು ಮಣ್ಣು ಅಥವಾ ಸಿಮೆಂಟಿನಿಂದ ಮೆತ್ತಿ, ಸುಣ್ಣ ಬಳಿಯಿರಿ. ಅಡ್ಡಗೋಲಿಗೆ ಕುದಿಯುವ ನೀರು ಹೊಯ್ಯಿರಿ. ಒಲೆ ಬೂದಿ ಒಂದು ಗುಂಡಿಗೆ ಹಾಕಿಟ್ಟರೆ ಕೋಳಿ ಅದರಲ್ಲಿ ಹೊರಳಾಡಿ ಹೇನು ತಾನೇ ಕಳೆದುಕೊಳ್ಳುತ್ತದೆ. ಕಾಲಿನ ಹುರುಪೆ ಎದ್ದು ಒರಟಾಗಿದ್ದರೆ ಅದೂ ಒಂದು ನುಸಿಯ ಕೆಲಸ. ಕಾಲು ತೊಳೆದು ಬೇವಿನ ಎಣ್ಣೆಯನ್ನೋ ಹೊಂಗೆ ಎಣ್ಣೆಯನ್ನೋ ಕೆಲವು ವಾರ ಹಚ್ಚುತ್ತಾ ಬನ್ನಿ.

ಉಸಿರು, ಮುಖ, ಕಣ್ಣು

ರಾತ್ರಿ ಗೂಡಿನ ಹತ್ತಿರ ಕಿವಿಗೊಟ್ಟು ನಿಂತರೆ ಗೊರ ಗೊರ ಸದ್ದು ಕೇಳಿಸುತ್ತದೆ. ಕಣ್ಣಲ್ಲಿ ನೊರೆ, ಮೂಗಿನಲ್ಲಿ ನೀರು, ಕೋಳಿ ತಿನ್ನುವುದನ್ನು ಮಾತ್ರ ಬಿಟ್ಟಿಲ್ಲ ಅಂದರೆ ದೀರ್ಘಕಾಲದ ಶೀತ. ಒಂದು ಪಕ್ಕದ ಮುಖ ಊದಿ ಕಣ್ಣು ಮುಚ್ಚಿ, ಮೂಗಿನಿಂದ ಕೆಟ್ಟ ವಾಸನೆಯ ಗೊಣ್ಣೆ ಬಂದರೆ ಕೊರೈಜಾ ಅನ್ನುವ ಸೋಂಕು. ಎರಡಕ್ಕೂ ಆಂಟಿಬಯಾಟಿಕ್ ಕೆಲಸ ಮಾಡುತ್ತದೆ, ವೈದ್ಯರು ಬರೆದುಕೊಟ್ಟದ್ದನ್ನು ಪೂರ್ತಿ ದಿನ ಕೊಡಿ. ಗೂಡಿನೊಳಗೆ ತಲೆ ಹಾಕಿದಾಗ ನಿಮ್ಮ ಕಣ್ಣು ಉರಿದರೆ ಅಲ್ಲಿ ಹಿಕ್ಕೆಯ ಅಮೋನಿಯಾ ತುಂಬಿದೆ. ಅದನ್ನು ಸರಿಮಾಡದೆ ಯಾವ ಔಷಧಿಯೂ ನಿಲ್ಲುವುದಿಲ್ಲ.

ಜುಟ್ಟು, ಕಣ್ಣಿನ ಸುತ್ತ ನರಹುಲಿಯಂಥ ಗಂಟುಗಳು ಎದ್ದು ಕಪ್ಪು ಹಕ್ಕಳೆಯಾದರೆ ಕೋಳಿ ಸಿಡುಬು. ಹಳ್ಳಿಯಲ್ಲಿ ಕೋಳಿಗೆ ಅಮ್ಮ ಬಂದಿದೆ ಅನ್ನುತ್ತಾರೆ. ಸೊಳ್ಳೆಯಿಂದ ಹರಡುತ್ತದೆ, ಹಾಗಾಗಿ ಮಳೆ ಬಿದ್ದ ಮೇಲೆ ಜಾಸ್ತಿ. ಹುಂಜಗಳ ಜಗಳದ ಗಾಯಕ್ಕೂ ಇದಕ್ಕೂ ವ್ಯತ್ಯಾಸ ಸುಲಭ. ಕುಕ್ಕಿದ ಗಾಯ ಒಂದೆರಡು ಕಡೆ ಹರಿದಂತಿರುತ್ತದೆ, ಸಿಡುಬು ಗುಂಡಗೆ ಹಲವು ಕಡೆ ಏಳುತ್ತದೆ. ಹಕ್ಕಳೆ ಕೀಳಬೇಡಿ. ಬೇವಿನ ಎಣ್ಣೆಗೆ ಅರಿಶಿನ ಕಲಸಿ ಹಚ್ಚಿದರೆ ನೊಣ ಕೂರುವುದು ತಪ್ಪುತ್ತದೆ. ಮೂರು ನಾಲ್ಕು ವಾರದಲ್ಲಿ ತಾನೇ ಉದುರುತ್ತದೆ. ಅಷ್ಟು ದಿನ ಕಣ್ಣು ಮುಚ್ಚಿಹೋದ ಕೋಳಿಗೆ ಮೇವು, ನೀರು ಬಾಯಿಗೇ ಹಿಡಿಯಬೇಕು. ಎಷ್ಟೋ ಕೋಳಿ ಸಿಡುಬಿನಿಂದ ಸಾಯುವುದಿಲ್ಲ, ಬಟ್ಟಲು ಕಾಣದೆ ಹಸಿದು ಸಾಯುತ್ತವೆ. ಬಾಯೊಳಗೆ ಹಳದಿ ಪೊರೆ ಕಟ್ಟಿದ್ದರೆ ಅದು ಸಿಡುಬಿನ ಅಪಾಯದ ರೂಪ.

ಕಾಲು, ಕತ್ತು

ಕತ್ತು ತಿರುಚಿ ಹಿಂದಕ್ಕೆ ಹೋಗುವುದು, ಸುತ್ತು ಸುತ್ತುವುದು ಕೊಕ್ಕರೆ ರೋಗದ ನಂತರದ ಹಂತದಲ್ಲಿ ಬರುತ್ತದೆ. ಕತ್ತು ತಿರುಚದೆ ಜೋತು ಬಿದ್ದು, ನೆಲಕ್ಕೆ ತಾಕಿದ್ದರೆ ಕೊಳೆತ ಹೆಣದ ಹುಳ ತಿಂದು ವಿಷ ಏರಿರಬಹುದು. ಹಿತ್ತಲಲ್ಲಿ ಸತ್ತ ಇಲಿ, ಹೆಗ್ಗಣ ಇದೆಯಾ ಹುಡುಕಿ. ಎರಡರಿಂದ ಐದು ತಿಂಗಳ ಪಡ್ಡೆ ಕೋಳಿ ಒಂದು ಕಾಲು ಮುಂದಕ್ಕೆ, ಒಂದು ಕಾಲು ಹಿಂದಕ್ಕೆ ಚಾಚಿ ಬಿದ್ದಿದ್ದರೆ ಮಾರೆಕ್ಸ್ ಅನ್ನುವ ರೋಗ, ಇದಕ್ಕೆ ಔಷಧಿ ಇಲ್ಲ. ಮರಿಗಳ ಬೆರಳು ಒಳಕ್ಕೆ ಮುದುರಿದ್ದರೆ ಬಿ2 ವಿಟಮಿನ್ ಕೊರತೆ, ಬೇಗ ಕೊಟ್ಟರೆ ಸರಿಹೋಗುತ್ತದೆ.

ಔಷಧಿ ಹೊಡೆದ ತೋಟಕ್ಕೆ ನುಗ್ಗಿದ ಕೋಳಿ ಜೊಲ್ಲು ಸುರಿಸಿ, ನಡುಗಿ, ಗಂಟೆಗಳಲ್ಲೇ ಬೀಳುತ್ತದೆ. ಯಾವ ಔಷಧಿ ಹೊಡೆದದ್ದು ಅಂತ ಡಬ್ಬಿಯ ಹೆಸರು ಕೇಳಿಕೊಂಡೇ ವೈದ್ಯರಿಗೆ ಫೋನ್ ಮಾಡಿ. ಪಾವಗಡ, ಶಿರಾ ಕಡೆ ಬೂಷ್ಟು ಹಿಡಿದ ಕಡಲೆಕಾಯಿ, ಹಿಂಡಿಯನ್ನು "ಕೋಳಿಗಾದರೂ ಆಗಲಿ" ಅಂತ ಹಾಕುತ್ತಾರೆ. ಅದರಲ್ಲಿರುವ ಅಫ್ಲಾಟಾಕ್ಸಿನ್ ಅನ್ನುವ ಬೂಷ್ಟಿನ ವಿಷ ಕೋಳಿಯ ಲಿವರನ್ನು ಮೆಲ್ಲಗೆ ಕೊಲ್ಲುತ್ತದೆ. ಅಂಥ ಹಿಂಡಿಯನ್ನು ತಿಪ್ಪೆಗೂ ಹಾಕಬೇಡಿ, ಹೂತುಬಿಡಿ.

ಬಿಸಿಲು

ಕೋಳಿಗೆ ಬೆವರಿಲ್ಲ. ಅದರ ಮೈ ಬಿಸಿ ಮಾಮೂಲಾಗಿಯೇ 41 ಡಿಗ್ರಿ ಸೆಲ್ಸಿಯಸ್ ಮೇಲಿರುತ್ತದೆ. ಏಪ್ರಿಲ್ ಮಧ್ಯಾಹ್ನ ತಗಡಿನ ಗೂಡಲ್ಲಿ ಬಾಯಿ ತೆರೆದು, ರೆಕ್ಕೆ ಅಗಲಿಸಿ ಏದುಸಿರು ಬಿಡುತ್ತಿದ್ದರೆ, ಸಂಜೆಗೆ ಸರಿಹೋಗುತ್ತಿದ್ದರೆ ಬಿಸಿಲೇ ಕಾರಣ. ನೆರಳಿಗೆ ತನ್ನಿ, ಕಾಲು ತಣ್ಣೀರಿನಲ್ಲಿ ಅದ್ದಿ, ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ ಕಲಸಿ ಕುಡಿಸಿ. ಸಂಜೆ ತಂಪಾದ ಮೇಲೂ ಬಾಯಿ ತೆರೆದೇ ಇದ್ದರೆ ಉಸಿರಿನ ರೋಗ, ಮೇಲೆ ಹೇಳಿದ್ದನ್ನು ನೋಡಿ.

ಔಷಧಿ, ವೈದ್ಯರು, ಸತ್ತ ಕೋಳಿ

ಕೊಕ್ಕರೆ ರೋಗ, ಸಿಡುಬು, ಮಾರೆಕ್ಸ್ ಇವೆಲ್ಲ ವೈರಸ್. ಆಂಟಿಬಯಾಟಿಕ್ ಇವಕ್ಕೆ ತಾಗುವುದಿಲ್ಲ. ಕೊಲಿಸ್ಟಿನ್ ಅನ್ನುವ ಆಂಟಿಬಯಾಟಿಕನ್ನು ಆಹಾರಕ್ಕೆ ಸಾಕುವ ಪ್ರಾಣಿಗಳಿಗೆ ಕೊಡಬಾರದು ಅಂತ ಕೇಂದ್ರ ಸರ್ಕಾರ 2019ರಲ್ಲೇ ನಿಷೇಧಿಸಿದೆ. ಅಂಗಡಿಯಲ್ಲಿ ಕೊಟ್ಟ ಪೊಟ್ಟಣದ ಹೆಸರು ಓದಿ ತೆಗೆದುಕೊಳ್ಳಿ. ಔಷಧಿ ಕೊಡುತ್ತಿರುವಾಗಿನ ಮೊಟ್ಟೆ ಎಷ್ಟು ದಿನ ತಿನ್ನಬಾರದು ಅಂತ ವೈದ್ಯರನ್ನು ಕೇಳಲೇಬೇಕು, ಆ ಮೊಟ್ಟೆ ನಮ್ಮ ಮನೆ ಮಕ್ಕಳೇ ತಿನ್ನುವುದು ಅಲ್ವಾ.

ಹತ್ತಿರದ ಪಶು ಆಸ್ಪತ್ರೆ ದೂರವಿದ್ದರೆ 1962ಕ್ಕೆ ಕರೆ ಮಾಡಿ, ಅದು ಸಂಚಾರಿ ಪಶು ಚಿಕಿತ್ಸಾ ವಾಹನದ ಉಚಿತ ಸಹಾಯವಾಣಿ. ಹೇಳುವಾಗ ತೂಕಡಿಕೆಯಿಂದ ಶುರುಮಾಡಬೇಡಿ. ಎಷ್ಟು ಕೋಳಿ ಇವೆ, ಎಷ್ಟಕ್ಕೆ ಆಗಿದೆ, ಎಷ್ಟು ಸತ್ತಿವೆ, ವಯಸ್ಸೆಷ್ಟು, ಎದೆ ಮೂಳೆ, ಮೇವಿನ ಚೀಲ, ಹಿಕ್ಕೆ ಹೇಗಿವೆ, ಲಸಿಕೆ ಹಾಕಿಸಿದ್ದೀರಾ ಅಂತ ಈ ಕ್ರಮದಲ್ಲಿ ಹೇಳಿದರೆ ಅವರಿಗೆ ಫೋನಿನಲ್ಲೇ ಅರ್ಧ ಅರ್ಥವಾಗುತ್ತದೆ. ಹಿಕ್ಕೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಕೋಳಿ ಸತ್ತೇ ಹೋದರೆ ಅದರಿಂದ ಉಳಿದವನ್ನು ಉಳಿಸಿಕೊಳ್ಳಬಹುದು. ಹಕ್ಕಿಜ್ವರದ ಅನುಮಾನವಿದ್ದರೆ ಮುಟ್ಟದೆ ತಿಳಿಸಿ, ಅವರೇ ಬರುತ್ತಾರೆ. ಇಲ್ಲದಿದ್ದರೆ ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಐಸ್ ತುಂಡುಗಳ ಮಧ್ಯೆ ಇಟ್ಟು, ಅದೇ ದಿನ ಆಸ್ಪತ್ರೆಗೆ ಒಯ್ದು ಮರಣೋತ್ತರ ಪರೀಕ್ಷೆ ಮಾಡಿಸಿ. ಫ್ರೀಜರ್‌ನಲ್ಲಿ ಇಟ್ಟರೆ ಒಳಗಿನ ಅಂಗಗಳು ಕೆಡುತ್ತವೆ. ಬೇಕಾದರೆ ಅವರೇ ಮಾದರಿಯನ್ನು ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಹೂಳುವುದಾದರೆ ನಾಯಿ ಕೆದಕದಷ್ಟು ಆಳಕ್ಕೆ, ಮೇಲೆ ಸುಣ್ಣ ಹಾಕಿ. ಕೆರೆ ಏರಿ ಮೇಲೆ, ರಸ್ತೆ ಪಕ್ಕ ಎಸೆದರೆ ನಾಯಿ, ಕಾಗೆ ಅದನ್ನು ಊರೆಲ್ಲ ಹಂಚುತ್ತವೆ.

ಉಳಿದ ಕೋಳಿಗೆ, ಮುಂದಿನ ಮರಿಗಳಿಗೆ ಲಸಿಕೆ. ಕೊಕ್ಕರೆ ರೋಗಕ್ಕೆ ಮರಿಗೆ 5ರಿಂದ 7 ದಿನವಾದಾಗ ಕಣ್ಣಿಗೋ ಮೂಗಿಗೋ ಒಂದು ಹನಿ, ನಾಲ್ಕನೇ ವಾರದ ಹೊತ್ತಿಗೆ ಮತ್ತೊಮ್ಮೆ, 8ರಿಂದ 10 ವಾರಕ್ಕೆ ಅದೇ ರೋಗದ ಆರ್2ಬಿ ಅನ್ನುವ ಚುಚ್ಚುಮದ್ದು. ಸಿಡುಬಿನ ಲಸಿಕೆ 6ರಿಂದ 8 ವಾರದ ನಡುವೆ. ಆರೋಗ್ಯವಾಗಿರುವ ಕೋಳಿಗೆ ಮಾತ್ರ ಹಾಕಿಸಬೇಕು, ಆಗಲೇ ಸಪ್ಪಗಿರುವುದಕ್ಕೆ ಬೇಡ. ಒಂದು ತೊಡಕಿದೆ. ಲಸಿಕೆ ಸೀಸೆ ನೂರಾರು ಕೋಳಿಗೆ ಆಗುವಷ್ಟಿರುತ್ತದೆ. ಒಮ್ಮೆ ಕಲಸಿದ ಮೇಲೆ ಐಸ್ ಮೇಲಿಟ್ಟು ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಹತ್ತು ಕೋಳಿಗಾಗಿ ಯಾರೂ ಸೀಸೆ ಒಡೆಯುವುದಿಲ್ಲ. ಅದಕ್ಕೇ ನಿಮ್ಮ ಬೀದಿಯ ಎಲ್ಲ ಮನೆಯವರ ಕೋಳಿ ಲೆಕ್ಕ ಒಂದು ಚೀಟಿಯಲ್ಲಿ ಬರೆದುಕೊಂಡು, ಒಂದು ದಿನ ಗೊತ್ತು ಮಾಡಿ, ಆ ಹಿಂದಿನ ರಾತ್ರಿ ಎಲ್ಲರೂ ಕೋಳಿಗಳನ್ನು ಗೂಡಿನಲ್ಲೇ ಮುಚ್ಚಿಟ್ಟಿರಿ. ಬೆಳಿಗ್ಗೆ ಬಿಸಿಲೇರುವ ಮುಂಚೆ ಬರುವಂತೆ ಪಶು ಆಸ್ಪತ್ರೆಯವರನ್ನು ಕೇಳಿಕೊಳ್ಳಿ.